ಹುಟ್ಟು ಕೆತ್ತುವವನಿಗೆ ಯಾರ ಋಣ?

ಗಡಿಭಾಗದ ಭಕ್ತರೊಬ್ಬರು ಈಚೆಗೆ ನಮ್ಮೆದುರು ಒಂದು ಪ್ರಶ್ನೆ ಇಟ್ಟರು. ಅವರು ಕಾಯಿಪಲ್ಲೆಯ ವ್ಯಾಪಾರಸ್ಥರು. ಬೆಳಗಾವಿಯಿಂದ ಚೋರ್ಲಾ ಘಾಟಿನ ಮೇಲೆ ಗೋವಾಕ್ಕೆ ಮಾಲು ಕಳಿಸುವವರು. ಅವರ ಕಿರಿಯ ಮಗ ಗೋವಾದಲ್ಲಿ ಮರದ ದೋಣಿ ದುರಸ್ತಿ ಮಾಡುವ ವೃದ್ಧ ಬಡಿಗನೊಬ್ಬನ ಕೈಕೆಳಗೆ ಸೇರಿಕೊಂಡು ದೋಣಿಯ ಹುಟ್ಟು ಕೆತ್ತುವುದನ್ನು ಕಲಿಯುತ್ತಿದ್ದಾನೆ. “ಯಂತ್ರದ ಕಾಲದಾಗ ಹುಟ್ಟು ಕೆತ್ತೂದು ಕಲತು ಅಂವ ಏನ್ ಮಾಡಾಂವ್ರಿ? ಕೊಳ್ಳಾವ್ರ ಯಾರದಾರ?” ಎಂದು ಅವರು ಕೇಳಿದರು. ಮಾತಿನಲ್ಲಿ ಸಿಟ್ಟಿರಲಿಲ್ಲ, ಲೆಕ್ಕವಿತ್ತು. ವ್ಯಾಪಾರಸ್ಥರ ಲೆಕ್ಕವನ್ನು ಹಗುರಾಗಿ ತಳ್ಳಿಹಾಕುವುದು ಸರಿಯಲ್ಲ. ಮನೆ ನಡೆಯುವುದು ಲೆಕ್ಕದಿಂದಲೇ. ಆದ್ದರಿಂದ ಆ ಹೊತ್ತಿಗೊಂದು ಸಮಾಧಾನ ಹೇಳಿ ಕಳಿಸದೆ, ವಿಷಯವನ್ನು ವಿಚಾರಿಸಿ ಈ ಪುಟದಲ್ಲಿ ಬರೆಯುತ್ತೇವೆ ಎಂದೆವು.

ಮೊದಲು ಸ್ಥಳದ ಮಾತು. ಖಾನಾಪುರ ತಾಲ್ಲೂಕಿನ ಭೀಮಗಡದ ಕಾಡಿನಲ್ಲಿ ಹುಟ್ಟುವ ಮಹದಾಯಿ ಗೋವಾಕ್ಕೆ ಇಳಿದ ಮೇಲೆ ಮಾಂಡೋವಿ ಎನಿಸಿಕೊಳ್ಳುತ್ತದೆ. ಮಹದಾಯಿ ಎಂದೊಡನೆ ನಮ್ಮವರಿಗೆ ನೆನಪಾಗುವುದು ಕಳಸಾ-ಬಂಡೂರಿ ಮತ್ತು 2018ರ ಆಗಸ್ಟಿನ ನ್ಯಾಯಮಂಡಳಿಯ ತೀರ್ಪು. ಅದು ಬೇರೆ ಮಾತು, ಇಲ್ಲಿ ಬೇಡ. ಮಾಂಡೋವಿ, ಜುವಾರಿ, ಶಾಪೋರಾ, ಸಾಳ ಎಂಬ ನದಿಗಳು ಸಣ್ಣ ಗೋವಾವನ್ನು ತುಂಡುತುಂಡು ಮಾಡಿವೆ. ಚೊಡಣ, ದಿವಾಡಿ ದ್ವೀಪಗಳಿಗೆ ಹೋಗುವವರು ಇಂದಿಗೂ ಸರಕಾರಿ ಫೆರಿ ಹತ್ತುತ್ತಾರೆ. ಇಂಥ ನಾಡಿನಲ್ಲಿ ದೋಣಿಯೆಂದರೆ ನಮ್ಮ ಕಡೆಯ ಚಕ್ಕಡಿ ಇದ್ದಂತೆ. ಹುಟ್ಟಿಗೆ ಅಲ್ಲಿಯ ಕೊಂಕಣಿಯಲ್ಲಿ ವಲ್ಲೆಂ ಎನ್ನುತ್ತಾರೆ. ಮರಾಠಿಯ ವಲ್ಹೆ ನಮ್ಮ ಗಡಿಯವರಿಗೆ ಪರಿಚಯವಿರಬಹುದು. 1980ರ ದಶಕದಿಂದ ದೋಣಿಯ ಹಿಂಬದಿಗೆ ಎಂಜಿನ್ ಬಂತು, ಆಮೇಲೆ ಮರದ ದೋಣಿಯ ಜಾಗಕ್ಕೆ ಫೈಬರ್ ದೋಣಿ ಬಂತು. ಈಗ ಕೈಹುಟ್ಟು ಉಳಿದಿರುವುದು ಹಿನ್ನೀರಿನ ಸಣ್ಣ ದೋಣಿಗಳಲ್ಲಿ, ಮತ್ತು ಎಂಜಿನ್ ಕೈಕೊಟ್ಟಾಗ ಬೇಕಾದೀತೆಂದು ಮೂಲೆಯಲ್ಲಿ ಮಲಗಿಸಿದ ಕಡೆಗಳಲ್ಲಿ. ತಂದೆಯ ಲೆಕ್ಕ ಸುಳ್ಳಲ್ಲ.

(ಮೀನುಗಾರರ ಉಪಕರಣದ ವಿಚಾರ ಮಠದ ಪತ್ರಿಕೆಯಲ್ಲೇಕೆ ಎಂದು ಯಾರಾದರೂ ಹುಬ್ಬೇರಿಸಿಯಾರು. ಹೊಳೆ ದಾಟಿಸುವ ಹುಟ್ಟು ದೋಣಿಯಲ್ಲಿ ಕುಳಿತವನ ಊಟ ಕೇಳುವುದಿಲ್ಲ.)

ಹುಟ್ಟು ಎಂದರೆ ಕೋಲಿಗೊಂದು ಹಲಗೆ ಎಂದು ದೂರದಿಂದ ನೋಡಿದವರಿಗೆ ತೋರುತ್ತದೆ. ಒಂದು ರೀತಿಯಲ್ಲಿ ನಿಜವೂ ಹೌದು. ಅರಬ್ಬೀ ಸಮುದ್ರದ ದಂಡೆಯಲ್ಲಿ ಕೋಲು ಬೇರೆ, ಅದರ ತುದಿಗೆ ಕಟ್ಟುವ ಹಲಗೆ ಬೇರೆ ಎಂಬ ಹಳೆಯ ಪದ್ಧತಿಯೂ ಇದೆ. ಹಲಗೆ ಒಡೆದರೆ ಅದನ್ನಷ್ಟೇ ಬದಲಿಸಿದರೆ ಆಯಿತು. ಒಂದೇ ಮರದಲ್ಲಿ ಕೆತ್ತುವುದು ಇನ್ನೊಂದು ಪದ್ಧತಿ. ಕಷ್ಟ ಇರುವುದು ಇದರಲ್ಲಿ.

ಮೊದಲು ಮರ ಆರಿಸಬೇಕು. ದೋಣಿಯ ಹಲಗೆಗೆ ಆ ಕಡೆ ಮಾವಿನ ಮರ ನಡೆಯುತ್ತದೆ. ಹುಟ್ಟಿಗೆ ಬೇಕಾದ ಗುಣವೇ ಬೇರೆ. ಮರ ಹಗುರಾಗಿರಬೇಕು, ಬಾಗಬೇಕು, ಬಾಗಿದ್ದು ಮತ್ತೆ ನೆಟ್ಟಗಾಗಬೇಕು. ಗಂಟು ಇರಕೂಡದು. ಮರದ ಎಳೆ ಹಿಡಿಯಿಂದ ಹಲಗೆಯ ತುದಿಯವರೆಗೆ ಕಡಿಯದೆ ಓಡಬೇಕು. ಎಳೆ ಓರೆಯಾಗಿ ಹೊರಬಿದ್ದ ಜಾಗದಲ್ಲಿ ಹುಟ್ಟು ಒಂದು ದಿನ ಮುರಿಯುತ್ತದೆ. ಅದೂ ಗಾಳಿ ಎದ್ದ ದಿನವೇ, ಏಕೆಂದರೆ ಮೈಯೆಲ್ಲ ಬಿಟ್ಟು ಎಳೆಯುವುದು ಆ ದಿನ. ಆದ್ದರಿಂದ ಬಲ್ಲ ಬಡಿಗರು ಗರಗಸದಿಂದ ಕೊಯ್ದ ಮರಕ್ಕಿಂತ ಬೆಣೆ ಬಡಿದು ಸೀಳಿದ ಮರವನ್ನು ಹೆಚ್ಚು ನಂಬುತ್ತಾರೆ. ಗರಗಸ ನಾವು ತಳ್ಳಿದತ್ತ ಹೋಗುತ್ತದೆ, ಸೀಳು ಎಳೆ ಇದ್ದತ್ತ ಹೋಗುತ್ತದೆ. ಹಸಿ ಮರ ಕೆತ್ತಿದರೆ ಒಣಗುವಾಗ ತಿರುಚುತ್ತದೆ. ನೆರಳಲ್ಲಿ ಇಟ್ಟು ತಿಂಗಳುಗಟ್ಟಲೆ ಕಾಯಬೇಕು. ಕಲಿಯಲು ಬಂದ ಹುಡುಗನಿಗೆ ಮೊದಲ ಬೇಸರ ಇಲ್ಲೇ.

ಆಮೇಲೆ ಕೆತ್ತನೆ. ದಾರಕ್ಕೆ ಬಣ್ಣ ಹಚ್ಚಿ ನಡುಗೆರೆ ಹೊಡೆಯುವುದು, ಬಾಚಿಯಿಂದ ಒರಟಾಗಿ ತೆಗೆಯುವುದು, ಬಳಿಕ ಉಜ್ಜುಗೊರಡು, ನಮ್ಮ ಕಡೆ ಇದಕ್ಕೆ ರಂದಾ ಎನ್ನುವರು. ಕೋಲನ್ನು ದುಂಡಗೆ ಮಾಡುವ ಕ್ರಮ ಬಹಳ ದೇಶಗಳ ಬಡಿಗರಲ್ಲಿ ಒಂದೇ ಆಗಿದೆ. ಮೊದಲು ಚೌಕ. ಚೌಕದ ನಾಲ್ಕು ಮೂಲೆ ತೆಗೆದರೆ ಎಂಟು ಮುಖ. ಎಂಟರ ಮೂಲೆಗಳನ್ನು ತೆಗೆದರೆ ಹದಿನಾರು. ಅಲ್ಲಿಂದ ಮುಂದೆ ದುಂಡು. ಹುಡುಗರು ಚೌಕದಿಂದ ನೇರವಾಗಿ ದುಂಡಿಗೆ ಹಾರಲು ನೋಡುತ್ತಾರೆ. ಆಗ ಕೋಲು ಒಂದು ಕಡೆ ಉಬ್ಬಿ ಒಂದು ಕಡೆ ತಗ್ಗುತ್ತದೆ. ಕಣ್ಣಿಗೆ ಅದು ಬೇಗ ಕಾಣುವುದಿಲ್ಲ. ಕಣ್ಣು ಮುಚ್ಚಿ ಅಂಗೈಯನ್ನು ಉದ್ದಕ್ಕೂ ಎಳೆದರೆ ತಿಳಿಯುತ್ತದೆ. ಇಲ್ಲಿ ಇನ್ನಷ್ಟು ತೆಗೆಯಬೇಕೋ ಸಾಕೋ ಎಂಬುದನ್ನು ಕಲಿಸುವವರು ಬಾಯಿಂದ ಹೇಳಲಾರರು. ಹುಡುಗನ ಕೈ ಹಿಡಿದು ಆ ಜಾಗದ ಮೇಲೆ ಇಡಬಲ್ಲರು, ಅಷ್ಟೇ. ಹೆಚ್ಚು ತೆಗೆದರೆ ಮತ್ತೆ ಹಚ್ಚಲು ಬಾರದು.

ಇನ್ನು ತೂಕ. ನಮ್ಮ ಇಡೀ ವಿಚಾರ ನಿಂತಿರುವುದು ಈ ತೂಕದ ಮೇಲೆ. ಹುಟ್ಟು ದೋಣಿಯ ಅಂಚಿನ ಗೂಟಕ್ಕೆ ಹಗ್ಗದ ಕುಣಿಕೆಯಲ್ಲಿ ನಿಲ್ಲುತ್ತದೆ. ಉದ್ದದಲ್ಲಿ ಮೂರರಲ್ಲೊಂದು ಭಾಗ, ಅಥವಾ ಇನ್ನೂ ಸ್ವಲ್ಪ ಕಡಿಮೆ, ದೋಣಿಯ ಒಳಗೆ, ಉಳಿದದ್ದೆಲ್ಲ ಹೊರಗೆ. ತಕ್ಕಡಿ ಹಿಡಿದು ಬದುಕುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಿಡ್ಡ ದಂಡಿಗೆಯ ಕಡೆ ಕೈ, ಉದ್ದ ದಂಡಿಗೆಯ ಕಡೆ ಭಾರ. ಹಲಗೆಯ ತುದಿಯಲ್ಲಿ ಹೆಚ್ಚಾದ ತೂಕ ಕೈಗೆ ದುಪ್ಪಟ್ಟಾಗಿ ತಾಗುತ್ತದೆ. ಅದಕ್ಕೇ ಬಲ್ಲವರು ಹಲಗೆಯನ್ನು ನಡುವೆ ಒಂದು ದಿಂಡು ಬಿಟ್ಟು ಅಂಚಿನ ಕಡೆ ತೆಳ್ಳಗೆ ಮಾಡುತ್ತಾರೆ, ಹಿಡಿಯ ಕಡೆ ಕೋಲನ್ನು ದಪ್ಪ ಉಳಿಸುತ್ತಾರೆ.

ಈಗ ಒಬ್ಬ ಬಡಿಗ ಬೇಸತ್ತು ಹಲಗೆಯ ತುದಿಯಲ್ಲಿ ಕಾಲು ಕಿಲೋ ಮರವನ್ನು ತೆಗೆಯದೆ ಬಿಟ್ಟನೆಂದು ಇಟ್ಟುಕೊಳ್ಳಿ. ಎಳೆಯುವವನು ನಿಮಿಷಕ್ಕೆ 25 ಸಲ ಹುಟ್ಟು ಹಾಕಿದರೆ ಎರಡು ತಾಸಿಗೆ 3000 ಸಲ. 3000 ಸಲ ಕಾಲು ಕಿಲೋ ಎಂದರೆ 750 ಕಿಲೋ, ಏಳೂವರೆ ಕ್ವಿಂಟಲ್. ದಂಡಿಗೆಯ ದುಪ್ಪಟ್ಟು ಸೇರಿಸಿದರೆ ಹದಿನೈದು ಕ್ವಿಂಟಲ್. ಕೆತ್ತುವವನು ಉಳಿಸಿಕೊಂಡದ್ದು ಅರ್ಧ ತಾಸಿನ ಕೆಲಸ. ಎಳೆಯುವವನ ಪಾಲಿಗೆ ಬಂದದ್ದು ಹುಟ್ಟು ಸವೆಯುವ ತನಕ ದಿನವೂ ಹದಿನೈದು ಕ್ವಿಂಟಲ್ಲಿನ ಹಮಾಲಿ, ಅದೂ ಕೂಲಿಯಿಲ್ಲದ ಹಮಾಲಿ. ಇದು ಯಾರ ಖಾತೆಯಲ್ಲೂ ಬರೆಯಲ್ಪಡುವುದಿಲ್ಲ.

ಕೊಳ್ಳುವವನಿಗೆ ಇದು ಕಾಣುವುದಿಲ್ಲವೇ ಎಂದರೆ, ಕಾಣುವುದಿಲ್ಲ. ಗಂಟಿದ್ದ ಜಾಗಕ್ಕೆ ಮರದ ಹುಡಿ, ಅಂಟು ಕಲಸಿ ತುಂಬಿ ಮೇಲೆ ಬಣ್ಣ ಹಚ್ಚಿದರೆ ಹೊಸ ಹುಟ್ಟು ಹೊಸ ಹುಟ್ಟೇ. ಮೆಣಸಿನಕಾಯಿ ಚೀಲದ ಬಾಯಿಗೆ ಕೆಂಪು ಕಾಯಿ ಜೋಡಿಸಿ ತಳಕ್ಕೆ ಬಿಳಿಗಾಯಿ ಸುರಿಯುವ ವಿದ್ಯೆ ನಮ್ಮ ಓದುಗರಿಗೆ ಗೊತ್ತಿಲ್ಲದ್ದೇನಲ್ಲ. ಮೇಲಾಗಿ ಹಣ ಕೊಡುವವನು ದೋಣಿಯ ಯಜಮಾನ, ಎಳೆಯುವವನು ಆಳು. ಯಜಮಾನನಿಗೆ ಬೆಲೆ ಹಿಡಿಸಿತು, ಬಡಿಗನಿಗೆ ಹಣ ಬಂತು, ವ್ಯವಹಾರ ಚುಕ್ತಾ ಆಯಿತು. ಆದರೆ ಋಣ ಚುಕ್ತಾ ಆಯಿತೇ? ಆ ವ್ಯವಹಾರದಲ್ಲಿ ಮೂರನೆಯವನೊಬ್ಬ ಇದ್ದ. ಅವನನ್ನು ಯಾರೂ ಕರೆದಿರಲಿಲ್ಲ, ಆದರೂ ಎಲ್ಲ ಭಾರ ಅವನ ಹೆಗಲಿಗೆ ಹೋಯಿತು. ಕೆತ್ತುವವನ ಋಣ ಹಣ ಕೊಟ್ಟವನಿಗಿಂತ ಮೊದಲು ಆ ಹೆಗಲಿಗೆ ಸಲ್ಲಬೇಕು ಎಂಬುದು ನಮ್ಮ ಅಭಿಪ್ರಾಯ.

ರೈತರಿಗೆ ಇದು ಹೊಸ ಮಾತಲ್ಲ. ಹಿಂದೆ ನಮ್ಮ ಹಳ್ಳಿಗಳಲ್ಲಿ ಬಡಿಗೇರ ಮನೆತನದವರು ನೊಗ, ಕೂರಿಗೆ, ಕುಂಟೆ ಮಾಡಿಕೊಟ್ಟು ಸುಗ್ಗಿಯಲ್ಲಿ ಕಣಕ್ಕೆ ಬಂದು ಆಯ ಒಯ್ಯುತ್ತಿದ್ದರು. ನೊಗ ಸರಿಯಿಲ್ಲದಿದ್ದರೆ ಎತ್ತಿನ ಹೆಗಲು ಬಾಯುತ್ತಿತ್ತು. ಆ ಎತ್ತು ಅದೇ ಬಡಿಗನ ಮನೆಯ ಮುಂದೆ ದಿನಾ ಹಾಯುತ್ತಿತ್ತು. ಎತ್ತು ಬಾಯಿಬಿಟ್ಟು ದೂರದಿದ್ದರೂ ಹೆಗಲಿನ ಹುಣ್ಣು ಅವನ ಕಣ್ಣಿಗೆ ಬೀಳುತ್ತಿತ್ತು. ಈಗ ನಾವು ಮಾಡುವ, ಮಾರುವ ವಸ್ತುಗಳು ಎಲ್ಲಿಗೋ ಹೋಗುತ್ತವೆ. ಬೀಜ ಮಾರಿದವನಿಗೆ ಮೊಳೆಯದ ಹೊಲ ಕಾಣುವುದಿಲ್ಲ. ಔಷಧ ಮಾರಿದವನಿಗೆ ಹೊಡೆದವನ ಕೆಮ್ಮು ಕೇಳುವುದಿಲ್ಲ. ಹೆಗಲು ಕಣ್ಣಿಗೆ ದೂರವಾದರೆ ಋಣವೂ ಹರಿಯಿತು ಎಂದು ಒಳಗೊಳಗೇ ತಿಳಿದುಬಿಡುತ್ತೇವೆ. ಈ ಕಾಲದ ಬಹಳಷ್ಟು ಅನ್ಯಾಯಗಳಲ್ಲಿ ಕೆಟ್ಟ ಮನಸ್ಸಿಗಿಂತ ಈ ದೂರದ್ದೇ ದೊಡ್ಡ ಪಾಲು ಎಂದು ನಮಗೆ ತೋರುತ್ತದೆ.

ಆ ಹುಡುಗ ಗೋವಾದಲ್ಲಿ ಕಲಿಯುತ್ತಿರುವುದು ಇದನ್ನೇ. ಅಂಗೈ ಎಳೆದು ಉಬ್ಬು ಹುಡುಕುವಾಗ ಅವನು ಎಂದೂ ನೋಡದ ಒಬ್ಬನ ನೋವನ್ನು ಮುಂಚಿತವಾಗಿ ತನ್ನ ಕೈಯಲ್ಲಿ ಹುಡುಕುತ್ತಿದ್ದಾನೆ. ಇದು ಪ್ರವಚನದಿಂದ ಬರುವ ವಿದ್ಯೆಯಲ್ಲ ಎಂದು ಪ್ರವಚನ ಮಾಡುವ ನಾವೇ ಒಪ್ಪಬೇಕಾಗುತ್ತದೆ. ನಾಳೆ ಅವನು ಹುಟ್ಟು ಕೆತ್ತದೆ ತಂದೆಯ ಕಾಯಿಪಲ್ಲೆ ಅಂಗಡಿಯಲ್ಲೇ ಕುಳಿತರೂ ಆ ಅಂಗೈ ಅವನ ಜೊತೆಗೇ ಇರುತ್ತದೆ. ತಂದೆಗೆ ನಾವು ತಿಳಿಸಿದ್ದು ಇಷ್ಟು. ಅವರಿಗೆ ಪೂರ್ತಿ ಒಪ್ಪಿಗೆಯಾಯಿತು ಎನ್ನಲಾರೆವು.

ಎದುರು ಮಾತನ್ನೂ ಕೇಳಬೇಕು. ದಡದಲ್ಲಿ ಕುಳಿತು ಹುಟ್ಟನ್ನು ಹೊಗಳುವುದು ಸುಲಭ, ಎಳೆಯುವವನಿಗೆ ಎಂಜಿನ್ ಬಂದದ್ದು ಬಿಡುಗಡೆಯೇ. 1970ರ ದಶಕದಲ್ಲಿ ಗೋವಾದ ರಾಂಪಣಕಾರರು, ಅಂದರೆ ದೊಡ್ಡ ದೋಣಿಯಲ್ಲಿ ಹುಟ್ಟು ಹಾಕುತ್ತ ಹೋಗಿ ಬಲೆ ಸುತ್ತುವರಿಸಿ, ದಂಡೆಯಿಂದ ಊರವರೆಲ್ಲ ಸೇರಿ ಎಳೆದು ಪಾಲು ಹಂಚಿಕೊಳ್ಳುತ್ತಿದ್ದವರು, ಯಾಂತ್ರಿಕ ಟ್ರಾಲರುಗಳ ವಿರುದ್ಧ ದೊಡ್ಡ ಹೋರಾಟ ನಡೆಸಿದರು. ಅದರ ಮುಂದಾಳುಗಳಲ್ಲಿ ಮತಾನಿ ಸಲ್ಡಾನಾ ಅವರ ಹೆಸರು ಪ್ರಸಿದ್ಧವಾಗಿದೆ. 1980ರಲ್ಲಿ ಗೋವಾ, ದಮನ್ ಮತ್ತು ದಿವ್ ಸಮುದ್ರ ಮೀನುಗಾರಿಕೆ ನಿಯಂತ್ರಣ ಕಾಯಿದೆ ಬಂತು. ದಂಡೆಯಿಂದ 5 ಕಿಲೋಮೀಟರ್ ಒಳಗಿನ ನೀರನ್ನು ಟ್ರಾಲರುಗಳಿಂದ ಕಾಯುವ ನಿಯಮವಾಯಿತು. ಇದನ್ನು ಯಂತ್ರ ಮತ್ತು ಕೈಕೆಲಸದ ಜಗಳ ಎಂದು ಓದುವವರಿದ್ದಾರೆ. ನಮಗೆ ಹಾಗೆ ತೋರುವುದಿಲ್ಲ. ಆಮೇಲೆ ಅದೇ ದಂಡೆಯ ಸಣ್ಣ ದೋಣಿಗಳಿಗೂ ಎಂಜಿನ್ ಬಂತಲ್ಲ! ಅವರು ಹೋರಾಡಿದ್ದು ಹುಟ್ಟಿನ ಮೇಲಿನ ಮೋಹದಿಂದಲ್ಲ, ಪಾಲು ತಪ್ಪಿತೆಂದು. ಆದ್ದರಿಂದ ಎಲ್ಲರೂ ಎಂಜಿನ್ ಕಿತ್ತೊಗೆದು ಮತ್ತೆ ಹುಟ್ಟು ಹಿಡಿಯಲಿ ಎಂದು ನಾವು ಹೇಳುತ್ತಿಲ್ಲ. ನಮ್ಮ ಟ್ರ್ಯಾಕ್ಟರ್ ಇಟ್ಟುಕೊಂಡು ಅವರಿಗೆ ಹಾಗೆ ಹೇಳುವುದು ಚೆಂದವೂ ಅಲ್ಲ.

ಇದಕ್ಕಿಂತ ಕಠಿಣವಾದ ಪ್ರಶ್ನೆಯೊಂದು ಗೋವಾದ ಇತಿಹಾಸದಲ್ಲೇ ಇದೆ. ಪೋರ್ತುಗೀಜರ ಕಾಲದಲ್ಲಿ ಹಳೆಗೋವಾದ ಮಾಂಡೋವಿ ದಂಡೆಯಲ್ಲಿ ಹುಟ್ಟಿನಿಂದ ನಡೆಯುವ ಯುದ್ಧನೌಕೆಗಳ ಕಟ್ಟೆ ಇತ್ತು. ಅವುಗಳನ್ನು ಗಾಲೆ ಎನ್ನುತ್ತಿದ್ದರು. ಹುಟ್ಟು ಎಳೆಯುವವರಲ್ಲಿ ಗುಲಾಮರು, ಶಿಕ್ಷೆಗೊಳಗಾದ ಸೆರೆಯಾಳುಗಳು ಇರುತ್ತಿದ್ದರು. 1560ರಲ್ಲಿ ಆರಂಭವಾಗಿ, ನಡುವೆ ಕೆಲವು ವರ್ಷ ನಿಂತು, 1812ರಲ್ಲಿ ಮುಗಿದ ಗೋವಾದ ಇನ್‌ಕ್ವಿಸಿಷನ್ ಎಂಬ ಧರ್ಮನ್ಯಾಯಾಲಯ ವಿಧಿಸುತ್ತಿದ್ದ ಶಿಕ್ಷೆಗಳಲ್ಲಿ ಗಾಲೆಯ ಶಿಕ್ಷೆಯೂ ಒಂದು. ಡೆಲೋನ್ ಎಂಬ ಫ್ರೆಂಚ್ ವೈದ್ಯನಿಗೆ 1676ರಲ್ಲಿ ಅಂಥ ಐದು ವರ್ಷದ ಶಿಕ್ಷೆಯಾಗಿ ಪೋರ್ಚುಗಲ್ಲಿಗೆ ಸಾಗಿಸಲಾಯಿತು. ಬಿಡುಗಡೆಯಾದ ಮೇಲೆ ಅವನು ತನ್ನ ಅನುಭವವನ್ನು ಬರೆದು 1687ರಲ್ಲಿ ಪ್ರಕಟಿಸಿದ.

ಗಾಲೆಗೂ ಯಾರೋ ಬಡಿಗರು ಹುಟ್ಟು ಕೆತ್ತಿರಲೇಬೇಕು. ಅದೇ ಬಾಚಿ, ಅದೇ ಎಂಟು ಮುಖ, ಅದೇ ಅಂಗೈ. ಒಬ್ಬ ಬಡಿಗ ಸರಪಳಿಯ ಆಳಿನ ಕೈಯನ್ನು ನೆನೆದು ಹುಟ್ಟನ್ನು ಹಗುರ ಮಾಡಿದನೆಂದು ಊಹಿಸಿಕೊಳ್ಳೋಣ. ಆಳಿಗೆ ನೋವು ತುಸು ಕಡಿಮೆಯಾಯಿತು, ನೌಕೆ ಮಾತ್ರ ಮುಂದಿನ ದಾಳಿಗೆ ಇನ್ನೂ ಬೇಗ ಹೋಯಿತು. ಅವನು ಮಾಡಿದ್ದು ಪುಣ್ಯವೋ ಪಾಪವೋ? ಹೆಗಲಿನ ಋಣ ಅಲ್ಲಿಯೂ ಇತ್ತು, ಅದನ್ನು ಅವನು ತೀರಿಸಿದ ಎಂದೇ ನಾವು ಹೇಳುತ್ತೇವೆ. ಆದರೆ ಒಳ್ಳೆಯ ಹುಟ್ಟು ಸರಪಳಿಯನ್ನು ಒಳ್ಳೆಯದು ಮಾಡಲಿಲ್ಲ. ಕೆಲಸದಲ್ಲಿ ಪ್ರಾಮಾಣಿಕತೆ ಇದ್ದರೆ ಸಾಕು, ಕೆಲಸ ಯಾರಿಗಾಗಿ ಎಂಬುದು ನಮಗೇಕೆ ಎನ್ನುವವರು ಇದರ ಮುಂದೆ ಸ್ವಲ್ಪ ನಿಲ್ಲಬೇಕು. ಇಂದು ಗೋವಾದ ಕಟ್ಟಡಗಳಲ್ಲಿ ಸಲಿಕೆ, ಬುಟ್ಟಿ ಹಿಡಿದವರಲ್ಲಿ ನಮ್ಮ ಗಡಿ ಜಿಲ್ಲೆಗಳ ಮಕ್ಕಳೇ ಎಷ್ಟೋ ಮಂದಿ. ಸಲಿಕೆಯ ಕಾವು ನುಣುಪಾಗಿರಲಿ ಎಂದು ಬಯಸುವ ನಾವು, ದಿನದ ಕೂಲಿ ಎಷ್ಟು, ರಾತ್ರಿ ಮಲಗಲು ಸೂರು ಎಲ್ಲಿ ಎಂದೂ ಕೇಳಬೇಡವೇ?

ಇನ್ನೊಂದು ಪ್ರಶ್ನೆಯನ್ನು ಆ ತಂದೆ ಕೇಳಲಿಲ್ಲ, ಅವರ ಬೀಗರ ಕಡೆಯವರು ಕೇಳಿದರಂತೆ: “ಬಡಿಗತನ ನಮ್ಮ ಮನೆತನದ ಕೆಲಸೇನ್ರಿ?” ಕನ್ನಡದಲ್ಲಿ ಹುಟ್ಟು ಎಂದರೆ ದೋಣಿಯ ಹುಟ್ಟೂ ಹೌದು, ಅಡುಗೆಮನೆಯ ಮರದ ಸೌಟೂ ಹೌದು, ಜನ್ಮವೂ ಹೌದು. ಗೋವಾದಲ್ಲಿ ಬಡಿಗತನ ಮಾಡುವವರಲ್ಲಿ ಚಾರಿ ಎಂಬ ಅಡ್ಡಹೆಸರಿನವರು ಬಹಳ. ಅವರಿಗೆ ಅದು ಹುಟ್ಟಿನಿಂದ ಬಂದದ್ದು. ನಮ್ಮ ಹುಡುಗ ಕಲಿತು ಪಡೆಯುತ್ತಿರುವವನು. 12ನೆಯ ಶತಮಾನದ ಅಂಬಿಗರ ಚೌಡಯ್ಯನವರು ತಮ್ಮ ವಚನಗಳಿಗೆ ಬೇರೆ ಅಂಕಿತ ಹುಡುಕಲಿಲ್ಲ. ವೃತ್ತಿ ಸೇರಿದ ತಮ್ಮ ಹೆಸರನ್ನೇ ಅಂಕಿತವಾಗಿ ಇಟ್ಟರು. ತುಂಗಭದ್ರೆಯ ದಂಡೆಯ ಚೌಡದಾನಪುರಕ್ಕೆ ಹೋಗಿ ಅವರ ಐಕ್ಯಸ್ಥಳಕ್ಕೆ ಕೈಮುಗಿದು ಬಂದವರೇ, ಕನ್ಯೆ ನೋಡಲು ಹೋದಾಗ ಹುಡುಗ ಬಡಿಗತನ ಮಾಡುತ್ತಾನೆ ಎಂದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ಕಾಯಕದ ಮೇಲೆ ವೇದಿಕೆಯಲ್ಲಿ ಭಾಷಣ ಮಾಡಿದವರ ಮನೆಯಲ್ಲೂ ಇದನ್ನು ಕಂಡಿದ್ದೇವೆ. ಹೆಚ್ಚು ಹೇಳುವುದಿಲ್ಲ.

ಕಲಿತವರ ಕೈಗೆ ಕೆಲಸ ಹೇಗೆ ಬರುತ್ತದೆಂದು ಮೊದಲೇ ಹೇಳಲು ಬಾರದು. ಅಜಂತಾ ಗುಹೆಗಳಲ್ಲಿ 5ನೆಯ ಶತಮಾನದ ಒಂದು ಹಡಗಿನ ಚಿತ್ರವಿದೆ. ಅದನ್ನು ನೋಡಿ ಅಂಥದೇ ಹಡಗು ಕಟ್ಟಬೇಕೆಂದು ಕೇಂದ್ರ ಸರಕಾರದ ಸಂಸ್ಕೃತಿ ಸಚಿವಾಲಯ, ನೌಕಾಪಡೆ ಮತ್ತು ಗೋವಾದ ಹೋಡಿ ಇನ್ನೋವೇಶನ್ಸ್ ಸಂಸ್ಥೆ 2023ರ ಜುಲೈಯಲ್ಲಿ ಒಪ್ಪಂದ ಮಾಡಿಕೊಂಡವು. ಹಳೆಯ ನಕ್ಷೆ ಯಾವುದೂ ಉಳಿದಿರಲಿಲ್ಲ. ಹಲಗೆಗೆ ಹಲಗೆಯನ್ನು ಮೊಳೆಯಿಂದ ಬಡಿಯದೆ ತೆಂಗಿನ ನಾರಿನ ಹುರಿಯಿಂದ ಹೊಲಿಯಬೇಕಿತ್ತು. ಆ ವಿದ್ಯೆ ಬಲ್ಲ ಕೇರಳದ ಬಾಬು ಶಂಕರನ್ ಅವರ ನೇತೃತ್ವದಲ್ಲಿ ಕುಶಲಕರ್ಮಿಗಳು ಗೋವಾದಲ್ಲಿ ಹಡಗು ಹೊಲಿದರು. 2025ರ ಫೆಬ್ರವರಿಯಲ್ಲಿ ಅದು ನೀರಿಗಿಳಿಯಿತು. ಅದೇ ಮೇ 21ರಂದು ನಮ್ಮ ಕಾರವಾರದಲ್ಲಿ ಕೌಂಡಿನ್ಯ ಎಂಬ ಹೆಸರು ಪಡೆದು ನೌಕಾಪಡೆಗೆ ಸೇರಿತು. ಡಿಸೆಂಬರ್ 29ರಂದು ಪೋರಬಂದರಿನಿಂದ ಮಸ್ಕತ್ತಿನತ್ತ ಹೊರಟಿತು. ಎಂಜಿನ್ ಇಲ್ಲ; ಚೌಕ ಹಾಯಿ. ದಿಕ್ಕು ತಿರುಗಿಸಲು ಈಗಿನ ಚುಕ್ಕಾಣಿಯ ಬದಲು ಹಿಂಬದಿಯಲ್ಲಿ ದೊಡ್ಡ ಹುಟ್ಟುಗಳು. ಇದರಿಂದ ನೂರು ಬಡಿಗರ ಮನೆ ನಡೆಯುತ್ತದೆಂದು ಯಾರೂ ಹೇಳಲಾರರು, ನಾವೂ ಹೇಳುವುದಿಲ್ಲ. ಆದರೆ ಸರಕಾರಕ್ಕೆ ಬೇಕೆನಿಸಿದ ದಿನ ಹಣ, ಅಧಿಕಾರಿ, ಕಂಪ್ಯೂಟರ್ ಎಲ್ಲ ಸಿಕ್ಕಿದರೂ ಹೊಲಿಯಲು ಕೈ ಬೇಕಾಯಿತು. ಆ ಕೈಗಳ ತಂದೆ ತಾಯಿಗಳೂ ಒಂದು ಕಾಲಕ್ಕೆ, ಇದನ್ನು ಕಲಿತು ಏನು ಮಾಡುತ್ತೀರಿ ಎಂದು ಕೇಳಿದ್ದಿರಬಹುದು.

ಹುಟ್ಟಿನ ಕೊನೆಯ ಕೆಲಸವೊಂದನ್ನು ಹೇಳುವುದು ಉಳಿದಿದೆ. ಕೆತ್ತಿ, ಉಜ್ಜಿ ಮುಗಿದ ಮೇಲೆ ನೀರು ಹೀರದಂತೆ ಮರಕ್ಕೆ ಎಣ್ಣೆ ಅಥವಾ ಬಣ್ಣ ಹಚ್ಚುತ್ತಾರೆ. ಹಲಗೆಗೆ ಹಚ್ಚುತ್ತಾರೆ, ಕೋಲಿಗೆ ಹಚ್ಚುತ್ತಾರೆ. ಕೈ ಹಿಡಿಯುವ ಜಾಗವನ್ನು ಮಾತ್ರ ಬರಿಯ ಮರವಾಗಿ ಬಿಡುವುದು ಬಲ್ಲವರ ಪದ್ಧತಿ, ಏಕೆಂದರೆ ಬಣ್ಣ ಬಳಿದ ಹಿಡಿ ಬೆವರಿಗೆ ಜಾರುತ್ತದೆ, ಅಂಗೈಯಲ್ಲಿ ಬೊಬ್ಬೆ ಎಬ್ಬಿಸುತ್ತದೆ. ಅಂಗಡಿಯಲ್ಲಿ ಗೋಡೆಗೆ ಒರಗಿಸಿಟ್ಟಾಗ ಆ ಭಾಗ ಕೆಲಸ ಅರ್ಧ ಬಿಟ್ಟಂತೆ ಕಾಣುತ್ತದೆ. ಗಿರಾಕಿ ಬಣ್ಣ ಪೂರ್ತಿ ಇರುವುದನ್ನೇ ಎತ್ತಿಕೊಳ್ಳುತ್ತಾನೆ. ನಮ್ಮಲ್ಲಿ ಮಾಲು ಇಳಿಸಲು, ಕೂಲಿಗೆ, ಮಾಪುಸಾದ ಶುಕ್ರವಾರದ ಸಂತೆಗೆ ಗೋವಾಕ್ಕೆ ಹೋಗುವವರು ಬಹಳ ಮಂದಿ ಇದ್ದೀರಿ. ದಂಡೆಗೆ ಎಳೆದಿಟ್ಟ ಮರದ ದೋಣಿ ಎಲ್ಲಿಯಾದರೂ ಕಂಡರೆ, ಅದರವರನ್ನು ಕೇಳಿಕೊಂಡು ಒಂದು ಹುಟ್ಟನ್ನು ಎತ್ತಿ ಹಿಡಿಯ ಕಡೆ ನೋಡಿ.